ವರ್ಸೈಗೆ ನೀರು ಬಿಡುವ ದಿನ ನೋಡಿ ಹೊರಡಿ

ಪ್ಯಾರಿಸ್ ಪಕ್ಕದ ವರ್ಸೈ ಅರಮನೆಗೆ ಹೋಗಿಬಂದ ಎಷ್ಟೋ ಜನರ ಫೋಟೊಗಳಲ್ಲಿ ಕಾರಂಜಿಗಳು ಸುಮ್ಮನೆ ನಿಂತಿರುತ್ತವೆ. ಕೆಟ್ಟಿದ್ದರಿಂದಲ್ಲ, ಅವತ್ತು ನೀರು ಬಿಟ್ಟಿರಲಿಲ್ಲ, ಅಷ್ಟೆ. ಗುಂಪು ಪ್ರವಾಸದವರು ಇದನ್ನು ಮುಂಚೆ ಹೇಳುವುದು ಕಡಿಮೆ.

ನೀರು ನೋಡಲೇಬೇಕೆಂದಿದ್ದರೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಶನಿವಾರ ಅಥವಾ ಭಾನುವಾರ ಹೋಗಿ. ‘ಗ್ರಾಂಡ್ ಝೋ ಮ್ಯೂಸಿಕಾಲ್’ ಎಂದು ಕರೆಯುವುದು ಇದನ್ನೇ. ವಾರದ ನಡುವೆ ‘ಝಾರ್ದಾಂ ಮ್ಯೂಸಿಕೊ’ ಎಂಬ ಬೇರೊಂದು ಟಿಕೆಟ್ ಇರುತ್ತದೆ. ಹೆಸರು ಕೇಳಿ ಮೋಸಹೋಗಬೇಡಿ: ಅದರಲ್ಲಿ ಸಂಗೀತ ಇರುತ್ತದೆ, ಉದ್ಯಾನದೊಳಗಿನ ಮರಗಳ ತೋಪುಗಳ ಬಾಗಿಲೂ ತೆರೆದಿರುತ್ತದೆ, ಆದರೆ ಹೆಚ್ಚಿನ ಕಾರಂಜಿಗಳು ಚಿಮ್ಮುವುದಿಲ್ಲ. ಸೋಮವಾರ ಅರಮನೆಗೇ ರಜೆ. ಚಳಿಗಾಲದಲ್ಲಿ ಉದ್ಯಾನಕ್ಕೆ ಟಿಕೆಟ್ ಬೇಡ, ನೀರೂ ಇಲ್ಲ. ವೇಳಾಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ವಿಮಾನದ ಟಿಕೆಟ್ ತೆಗೆಯುವ ಮೊದಲೇ ಅರಮನೆಯ ಜಾಲತಾಣ ನೋಡಿಕೊಳ್ಳಿ.

ಇಷ್ಟು ದೊಡ್ಡ ಅರಮನೆಯಲ್ಲಿ ನೀರಿಗೆ ಯಾಕೆ ಇಷ್ಟು ಜಿಪುಣತನ? ಜಾಗವೇ ಹಾಗಿದೆ. ಅರಮನೆ ಇರುವುದು ದಿಬ್ಬದ ಮೇಲೆ, ಹತ್ತಿರದಲ್ಲಿ ನದಿಯಿಲ್ಲ. ಸೇನ್ ನದಿ ದೂರದಲ್ಲಿ, ಅದೂ ಬಹಳ ತಗ್ಗಿನಲ್ಲಿ ಹರಿಯುತ್ತದೆ. ಫ್ರಾನ್ಸಿನ ರಾಜ 14ನೇ ಲೂಯಿ 1684ರಲ್ಲಿ ಸೇನ್ ದಡದಲ್ಲಿ, ಮಾರ್ಲಿ ಬಳಿ, 14 ಚಕ್ರಗಳ ಯಂತ್ರ ಕೂರಿಸಿದ. ಒಂದೊಂದು ಚಕ್ರಕ್ಕೂ ಸುಮಾರು 12 ಮೀಟರ್ ವ್ಯಾಸ. ಅವು ಇನ್ನೂರಕ್ಕೂ ಹೆಚ್ಚು ಪಂಪುಗಳನ್ನು ನಡೆಸಿ ನದಿಯ ನೀರನ್ನು 150 ಮೀಟರಿಗೂ ಮೇಲೆ ಎತ್ತುತ್ತಿದ್ದವು. ಅದೂ ಸಾಲದೆ ಯೂರ್ ನದಿಯಿಂದ ಕಾಲುವೆ ತರಲು ಸಾವಿರಾರು ಸೈನಿಕರನ್ನು ಅಗೆಯಲು ಹಚ್ಚಿದ. 1688ರ ಯುದ್ಧ ಬಂದು ಕೆಲಸ ನಿಂತಿತು. ಕೊನೆಗೆ ಉಳಿದ ಉಪಾಯ ಒಂದೇ: ರಾಜ ಯಾವ ಕೊಳದ ಹತ್ತಿರ ಬರುತ್ತಾನೋ ಅದಕ್ಕೆ ಮಾತ್ರ ನೀರು ಬಿಡುವುದು. ನಮ್ಮ ಕಡೆಯ ನೀರುಗಂಟಿಗಳಂಥವರು ಶಿಳ್ಳೆ ಹಾಕಿ ಒಬ್ಬರಿಗೊಬ್ಬರು ಸೂಚನೆ ಕೊಟ್ಟು ವಾಲ್ವ್ ತಿರುಗಿಸುತ್ತಿದ್ದರು.

ಈಗ ಉದ್ಯಾನದ ಕೆಳತುದಿಯ ದೊಡ್ಡ ಕಾಲುವೆ ಗ್ರ್ಯಾಂಡ್ ಕೆನಾಲ್‌ಗೆ ಇಳಿದ ನೀರನ್ನೇ ಪಂಪ್ ಮಾಡಿ ಮೇಲಿನ ಜಲಾಶಯಗಳಿಗೆ ಹಿಂದಿರುಗಿಸುತ್ತಾರೆ. ಆದರೆ ಚಿಮ್ಮಿಸುವುದು ಇಂದಿಗೂ ಎತ್ತರದ ಒತ್ತಡವೇ, ಮನೆ ಮೇಲಿನ ಟ್ಯಾಂಕಿನ ಲೆಕ್ಕ. ಜಲಾಶಯದ ಮಟ್ಟಕ್ಕಿಂತ ಮೇಲೆ ಧಾರೆ ಏರಲಾರದು, ಉದ್ದದ ಪೈಪಿನ ತಿಕ್ಕಾಟದಲ್ಲಿ ಇನ್ನಷ್ಟು ಕಳೆದುಕೊಳ್ಳುತ್ತದೆ. ಅದಕ್ಕೇ ಅತಿ ಎತ್ತರಕ್ಕೆ ಚಿಮ್ಮುವ ಡ್ರ್ಯಾಗನ್ ಕೊಳದ ಧಾರೆಯೂ 27 ಮೀಟರಿಗೆ ನಿಲ್ಲುತ್ತದೆ. ಎಲ್ಲ ಕೊಳಗಳೂ ಒಂದೇ ಹೊತ್ತಿಗೆ ಆಡುವುದಿಲ್ಲ. ಬಾಗಿಲಲ್ಲಿ ಕೊಡುವ ನಕ್ಷೆಯಲ್ಲಿ ಪ್ರತಿ ಕೊಳದ ಸಮಯ ಇರುತ್ತದೆ, ಅದನ್ನು ಮಡಚಿ ಚೀಲಕ್ಕೆ ಹಾಕಬೇಡಿ.

ಅರಮನೆಯ ಒಳಗೆ ಬೆಳಿಗ್ಗೆ 9ರ ಸಮಯವನ್ನೇ ಕಾಯ್ದಿರಿಸಿ. ಎರಡು ತಾಸು ಸಾಕು. ಅಲ್ಲಿಂದ ನೇರ ಅಪೊಲೊ ಕೊಳಕ್ಕೆ ಇಳಿಯಿರಿ, ಸುಮಾರು ಒಂದು ಕಿಲೋಮೀಟರ್ ನಡಿಗೆ, ಜಲ್ಲಿ ಹಾದಿ, ಚಪ್ಪಲಿಗಿಂತ ಶೂ ವಾಸಿ. ಮೊದಲೇ ಅಪೊಲೊ ಯಾಕೆಂದರೆ ಈ ಸೂರ್ಯದೇವನ ರಥ ಮುಖಮಾಡಿರುವುದು ಪೂರ್ವಕ್ಕೆ. ಮಧ್ಯಾಹ್ನ ಕಳೆದರೆ ಬಿಸಿಲು ಅವನ ಬೆನ್ನಿಗೆ ಬಿದ್ದು ನಿಮ್ಮ ಫೋಟೊದಲ್ಲಿ ಕುದುರೆಗಳು ಕಪ್ಪಾಗುತ್ತವೆ.

ಪಕ್ಕದ ಎನ್ಸೆಲೆಡಸ್ ತೋಪನ್ನು ಬಿಡಬೇಡಿ. ಬಂಡೆಗಳಡಿ ಅರ್ಧ ಹೂತ ದೈತ್ಯನ ಬಾಯಿಂದ 25 ಮೀಟರ್ ಎತ್ತರಕ್ಕೆ ನೀರು ನುಗ್ಗುತ್ತದೆ. ನನ್ನ ಮಟ್ಟಿಗೆ ಇಡೀ ಉದ್ಯಾನದಲ್ಲಿ ಮೊದಲ ಸ್ಥಾನ ಇದಕ್ಕೇ ಕೊಡಬೇಕು. ಗಾಳಿ ಬೀಸುವ ಕಡೆ ನಿಂತರೆ ಒದ್ದೆಯಾಗುವುದು ಖಂಡಿತ. ಮುಂದೆ ಹುಲ್ಲುಹಾದಿ ದಾಟಿ ದಕ್ಷಿಣದ ಕನ್ನಡಿ ಕೊಳ, ಅಲ್ಲಿಂದ ಚಿಪ್ಪುಗಳ ಮೇಲೆ ನೀರು ಮೆಟ್ಟಿಲಿಳಿಯುವ ನೃತ್ಯಶಾಲೆ ತೋಪು. ಲಟೋನಾ ಕೊಳಕ್ಕೆ ಮಧ್ಯಾಹ್ನದ ನಂತರ ಬನ್ನಿ: ಅಪೊಲೊನ ತಾಯಿಯಾದ ಆಕೆ ಪಶ್ಚಿಮಕ್ಕೆ ತಿರುಗಿದ್ದಾಳೆ, ಅರಮನೆಯ ಜಗಲಿಯಿಂದ ನೋಡಿದರೆ ಬರೀ ಬೆನ್ನು ಕಾಣುತ್ತದೆ. ಕೆಳಗಿಳಿದು ನಿಂತರೆ ಪುರಾಣದಂತೆ ಆಕೆಯನ್ನು ಅವಮಾನಿಸಿ ಕಪ್ಪೆಗಳಾಗುತ್ತಿರುವ ರೈತರೂ ಸಿಗುತ್ತಾರೆ.

ಕೊನೆಗೆ ಉತ್ತರದ ನೆಪ್ಚೂನ್ ಕೊಳ, 99 ಧಾರೆಗಳು. ಸಾಮಾನ್ಯವಾಗಿ ಸಂಜೆ ಐದರ ನಂತರ, ಕೆಲವೇ ನಿಮಿಷದ ಆಟ. ಎಲ್ಲರೂ ಅಲ್ಲಿಗೇ ನುಗ್ಗುವುದರಿಂದ ಅರ್ಧ ಗಂಟೆ ಮುಂಚೆ ಎದುರಿನ ಹುಲ್ಲಿನ ಇಳಿಜಾರಿನಲ್ಲಿ ಜಾಗ ಹಿಡಿಯಿರಿ. ಪಶ್ಚಿಮದ ತುದಿಯಲ್ಲಿ ಕೂತರೆ ಬಿಸಿಲು ಬೆನ್ನಿಗಿರುತ್ತದೆ.

ಪುಳಿಯೋಗರೆ, ಚಪಾತಿ ಕಟ್ಟಿಕೊಂಡು ಹೋಗುವವರು ಗಮನಿಸಿ: ಉದ್ಯಾನದ ಹುಲ್ಲಿನ ಮೇಲೆ ಬುತ್ತಿ ಬಿಚ್ಚುವಂತಿಲ್ಲ, ಕೆನಾಲ್ ಸುತ್ತಲಿನ ಪಾರ್ಕಿಗೆ ಹೋಗಬೇಕು.

ರೈಲಿನ ವಿಷಯ. ಪ್ಯಾರಿಸ್‌ನಿಂದ ಆರ್‌ಇಆರ್ (ಉಪನಗರ ರೈಲು) ‘ಸಿ’ ಹತ್ತಿ ‘ವರ್ಸೈ ಶಾಟೋ ರಿವ್ ಗೋಷ್’ನಲ್ಲಿ ಇಳಿದರೆ ಹತ್ತು ನಿಮಿಷದ ನಡಿಗೆ. ಇದೇ ಮಾರ್ಗದಲ್ಲಿ ಕವಲುಗಳು ಬಹಳ, ತಪ್ಪು ರೈಲು ಹತ್ತುವವರು ದಿನವೂ ಇರುತ್ತಾರೆ; ಫಲಕದಲ್ಲಿ ಈ ನಿಲ್ದಾಣದ ಹೆಸರೇ ಇದೆಯೇ ನೋಡಿ. 2025ರ ಜನವರಿಯಿಂದ ಮೆಟ್ರೊ-ರೈಲಿಗೆ ಒಂದೇ ದರದ ಟಿಕೆಟ್ ಬಂದಿದೆ, ಬಸ್ಸಿನದು ಇಲ್ಲಿ ನಡೆಯುವುದಿಲ್ಲ. ವಾಪಸಾಗುವಾಗ ಅದೇ ನಿಲ್ದಾಣದ ಜಂಗುಳಿಗೆ ಸಿಕ್ಕಿಕೊಳ್ಳುವ ಬದಲು, ನೆಪ್ಚೂನ್ ಪಕ್ಕದ ಡ್ರ್ಯಾಗನ್ ಗೇಟು ತೆರೆದಿದ್ದರೆ ಅಲ್ಲಿಂದ ಊರೊಳಗೆ ಹೊರಬಿದ್ದು ‘ರಿವ್ ದ್ರುವಾತ್’ ನಿಲ್ದಾಣಕ್ಕೆ ನಡೆಯಿರಿ. ‘ಎಲ್’ ರೈಲು ಸಾಂ-ಲಜಾರ್‌ಗೆ ಒಯ್ಯುತ್ತದೆ, ಕೂರಲು ಜಾಗ ಸಿಗುವ ಸಂಭವವೂ ಹೆಚ್ಚು.