ಬಿಪಿ ಇರುವವರ ಎದೆನೋವು ಮತ್ತು ಅರ್ಧಕ್ಕೆ ನಿಲ್ಲಿಸುವ ಮಾತ್ರೆ

ಮೆಟ್ಟಿಲು ಹತ್ತುವಾಗ ಎದೆಯ ನಡುವೆ ಹಿಂಡಿದಂತಾಗಿ, ಕುಳಿತ ಕೆಲವೇ ನಿಮಿಷಗಳಲ್ಲಿ ಇಳಿದುಹೋಗುವ ನೋವನ್ನು ಗ್ಯಾಸ್ ಎಂದುಕೊಂಡು ಓಮಕಾಳು ಜಗಿದು ಸುಮ್ಮನಾಗುವವರು ಬಹಳ ಮಂದಿ. ರಕ್ತದೊತ್ತಡವೂ ಇರುವವರಲ್ಲಿ ಇಂತಹ ನೋವು ಆಂಜೈನಾ, ಅಂದರೆ ಹೃದಯದ ಸ್ನಾಯುವಿಗೆ ರಕ್ತ ಸಾಲದೆ ಬರುವ ಎದೆನೋವು, ಆಗಿರುವ ಸಾಧ್ಯತೆಯನ್ನು ಮೊದಲು ಪರೀಕ್ಷಿಸಿಕೊಳ್ಳಬೇಕು. ವರ್ಷಗಟ್ಟಲೆ ಒತ್ತಡದ ವಿರುದ್ಧ ದುಡಿದ ಹೃದಯದ ಎಡಭಾಗದ ಗೋಡೆ ದಪ್ಪಗಾಗಿ ಹೆಚ್ಚು ಆಮ್ಲಜನಕವನ್ನು ಬೇಡುತ್ತದೆ. ಅದನ್ನು ಒದಗಿಸಬೇಕಾದ ರಕ್ತನಾಳಗಳು ಅಷ್ಟರಲ್ಲಿ ಕೊಬ್ಬು ಕಟ್ಟಿ ಕಿರಿದಾಗಿರುತ್ತವೆ.

ಹೃದಯದ ಬಡಿತವನ್ನು ನಿಧಾನಗೊಳಿಸುವ ಮೆಟೊಪ್ರೊಲಾಲ್, ಬಿಸೊಪ್ರೊಲಾಲ್‌ನಂತಹ ಬೀಟಾ ಬ್ಲಾಕರ್ ಮಾತ್ರೆಗಳು ಇಲ್ಲಿ ಎರಡು ಕೆಲಸ ಮಾಡುತ್ತವೆ: ಎದೆನೋವನ್ನು ತಡೆಯುತ್ತವೆ, ಬಿಪಿಯನ್ನೂ ಇಳಿಸುತ್ತವೆ. ಈ ವರ್ಗದ ಪ್ರೊಪ್ರನಲಾಲ್ ಅನ್ನು ಬ್ರಿಟನ್ನಿನ ಔಷಧ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ರೂಪಿಸಿದ್ದು ಆಂಜೈನಾವನ್ನು ಮನಸ್ಸಿನಲ್ಲಿಟ್ಟುಕೊಂಡೇ. ಅದು ರಕ್ತದೊತ್ತಡವನ್ನೂ ಇಳಿಸುತ್ತದೆ ಎಂಬುದು ಆಮೇಲೆ ತಿಳಿಯಿತು. 1988ರಲ್ಲಿ ಅವರಿಗೆ ನೊಬೆಲ್ ಸಂದಿತು. ಹೃದಯದ ಸ್ನಾಯುವಿಗೆ ರಕ್ತ ಹರಿಯುವುದು ಹೆಚ್ಚಾಗಿ ಎರಡು ಬಡಿತಗಳ ನಡುವಿನ ವಿರಾಮದಲ್ಲಿ. ಬಡಿತ ನಿಧಾನವಾದಂತೆ ಆ ವಿರಾಮ ಹಿಗ್ಗುತ್ತದೆ. ನೋವು ಹತೋಟಿಗೆ ಬಾರದಿದ್ದರೆ ರಕ್ತನಾಳಗಳನ್ನು ಹಿಗ್ಗಿಸುವ ಅಮ್ಲೋಡಿಪಿನ್ ಸೇರಿಸುವುದುಂಟು. ಆಸ್ತಮಾ ಇರುವವರು ಬೀಟಾ ಬ್ಲಾಕರ್ ಶುರುಮಾಡುವ ಮೊದಲೇ ಆ ವಿಷಯವನ್ನು ವೈದ್ಯರಿಗೆ ಹೇಳಬೇಕು.

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನನಗೆ ನಿಜಕ್ಕೂ ಕಳವಳ ತರುವ ಮಾತೊಂದಿದೆ: "ಬಿಪಿ ನಾರ್ಮಲ್ ಬಂದಿದೆ ಸಾರ್, ಈ ಸಲ ಆ ಮಾತ್ರೆ ಬೇಡ." ಚೀಟಿ ನೋಡಿದರೆ ಬೇಡವೆಂದದ್ದು ಮೆಟೊಪ್ರೊಲಾಲ್ ಆಗಿರುತ್ತದೆ. ಬಿಪಿ ನಾರ್ಮಲ್ ಬಂದಿರುವುದು ಆ ಮಾತ್ರೆಯಿಂದಲೇ ಇರಬಹುದು. ಅದನ್ನು ಒಮ್ಮೆಲೇ ನಿಲ್ಲಿಸಿದರೆ ನಾಡಿಬಡಿತವೂ ಒತ್ತಡವೂ ಏರಿ ಎದೆನೋವು ಮೊದಲಿಗಿಂತ ಜೋರಾಗಿ ಮರಳಬಹುದು, ಹೃದಯಾಘಾತವೂ ಆಗಬಹುದು. ಬಿಡಲೇಬೇಕಾದರೆ ವೈದ್ಯರೇ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ.

ನೋವು ಬಂದಾಗ ನಾಲಿಗೆಯ ಕೆಳಗೆ ಇಡಲು ಕೊಟ್ಟಿರುವ ಐಸೊಸಾರ್ಬೈಡ್ ಡೈನೈಟ್ರೇಟ್ ಮಾತ್ರೆಯನ್ನು ನುಂಗದೆ, ಕುಳಿತುಕೊಂಡೇ ಇಡಬೇಕು. ಬಿಪಿ ತಟ್ಟನೆ ಇಳಿದು, ನಿಂತವರು ತಲೆಸುತ್ತಿ ಬಿದ್ದಾರು. ಸಿಲ್ಡೆನಾಫಿಲ್ (ವಯಾಗ್ರ ಎಂದು ಹೆಸರಾದ, ಲೈಂಗಿಕ ಸಮಸ್ಯೆಗೆ ಕೊಡುವ ಮಾತ್ರೆ) ಸೇವಿಸಿದ 24 ಗಂಟೆಗಳೊಳಗೆ ಇದನ್ನು ಬಳಸಬಾರದು, ಏಕೆಂದರೆ ಎರಡೂ ಸೇರಿದರೆ ಒತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಲ್ಲದು. ಈ ವಿಷಯವನ್ನು ಮುಜುಗರಪಟ್ಟು ವೈದ್ಯರಿಂದ ಮುಚ್ಚಿಡಬೇಡಿ. ಮಾತ್ರೆ ಇಟ್ಟು ಐದು ನಿಮಿಷವಾದರೂ ನೋವು ಇಳಿಯದಿದ್ದರೆ, ಅಥವಾ ಕುಳಿತಿರುವಾಗಲೇ ನೋವು ಬಂದು ಮೈ ಬೆವರಿದರೆ, ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.