ಬ್ರಿಟಿಷ್ ಸ್ಟೀಲ್, ನಮ್ಮ ಅಡುಗೆಮನೆಯಲ್ಲಿ: ಆರು ವಾರದ ಲೆಕ್ಕ

ಒಂದು ಗಿಟಾರ್, ಒಂದು ಹಳೇ ಮೈಕು, ಲ್ಯಾಪ್‌ಟಾಪಿಗೆ ಸಿಕ್ಕಿಸೋ ಆಡಿಯೋ ಇಂಟರ್‌ಫೇಸು. ಇಷ್ಟನ್ನೇ ಇಟ್ಟುಕೊಂಡು ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಜುದಾಸ್ ಪ್ರೀಸ್ಟ್‌ನ ‘ಬ್ರಿಟಿಷ್ ಸ್ಟೀಲ್’ ಆಲ್ಬಮ್ಮಿನ ಎರಡು ಹಾಡು, ‘ಬ್ರೇಕಿಂಗ್ ದಿ ಲಾ’ ಮತ್ತು ‘ಮೆಟಲ್ ಗಾಡ್ಸ್’, ಮನೆಯಲ್ಲೇ ರೆಕಾರ್ಡ್ ಮಾಡೋಕೆ ಹೊರಟಿದ್ದೀನಿ. ನನಗೆ ನಾನೇ ಹಾಕಿಕೊಂಡ ಷರತ್ತು ಒಂದೇ: ಗಿಟಾರ್ ಅಲ್ಲದ ಸದ್ದುಗಳನ್ನು ಅವರ ಹಾಗೇ ಕೈಯಾರೆ ಮಾಡಬೇಕು. ಇಂಟರ್‌ನೆಟ್ಟಿಂದ ಎತ್ತಿ ಅಂಟಿಸುವ ಹಾಗಿಲ್ಲ.

ಈ ಹುಚ್ಚು ಹತ್ತಿದ್ದು ಆ ಆಲ್ಬಮ್ ಹೇಗೆ ಆಯ್ತು ಅಂತ ಓದಿದ ಮೇಲೆ. 1980ರ ಆರಂಭದಲ್ಲಿ ಬ್ಯಾಂಡಿನವರು ಇಂಗ್ಲೆಂಡಿನ ಆಸ್ಕಟ್ ಹತ್ತಿರದ ಟಿಟನ್‌ಹರ್ಸ್ಟ್ ಪಾರ್ಕ್ ಅನ್ನೋ ದೊಡ್ಡ ಮನೆಗೆ ಹೋಗಿ ಕೂತರು. ಮೊದಲು ಅದು ಬೀಟಲ್ಸ್‌ನ ಜಾನ್ ಲೆನನ್ ಮನೆ, ಆಮೇಲೆ ಅದೇ ಬ್ಯಾಂಡಿನ ರಿಂಗೋ ಸ್ಟಾರ್ ಕೊಂಡುಕೊಂಡಿದ್ದು. ಯಾವುದೇ ಸದ್ದನ್ನು ಹಿಡಿದಿಟ್ಟು ಬೇಕಾದಾಗ ನುಡಿಸೋ ಸ್ಯಾಂಪ್ಲರ್ ಯಂತ್ರ ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಹಾಗಾಗಿ ‘ಮೆಟಲ್ ಗಾಡ್ಸ್’ನಲ್ಲಿ ಯಂತ್ರಮಾನವರು ಹೆಜ್ಜೆ ಹಾಕೋ ಸದ್ದಿಗೆ ಚಮಚ, ಫೋರ್ಕು ತುಂಬಿದ ಟ್ರೇ ಅಲ್ಲಾಡಿಸಿದರು. ಬಿಲಿಯರ್ಡ್ಸ್ ಕೋಲನ್ನು ಗಾಳಿಯಲ್ಲಿ ಬೀಸಿದರು. ‘ಬ್ರೇಕಿಂಗ್ ದಿ ಲಾ’ದಲ್ಲಿ ಗಾಜು ಒಡೆಯೋದು ಕೇಳುತ್ತಲ್ಲ, ಅದು ಹಾಲಿನ ಬಾಟಲಿ. ನಿರ್ಮಾಪಕ ಟಾಮ್ ಆಲಮ್. ಆಲ್ಬಮ್ ಹೊರಬಂದಿದ್ದು ಅದೇ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಬ್ರಿಟನ್ನಿನ ಉಕ್ಕಿನ ಕಾರ್ಖಾನೆಗಳಲ್ಲಿ ಮೂರು ತಿಂಗಳ ಮುಷ್ಕರ ನಡೆದು ಮುಗಿದಿತ್ತು. ಗಿಟಾರಿಸ್ಟ್ ಗ್ಲೆನ್ ಟಿಪ್ಟನ್ ಹಿಂದೊಮ್ಮೆ ಬ್ರಿಟಿಷ್ ಸ್ಟೀಲ್ ಕಂಪನಿಯಲ್ಲೇ ಕೆಲಸ ಮಾಡಿದವನು.

ಮೊದಲ ಎರಡು ವಾರ

‘ಬ್ರೇಕಿಂಗ್ ದಿ ಲಾ’ದ ರಿಫ್, ಅಂದರೆ ಹಾಡಲ್ಲಿ ಮತ್ತೆ ಮತ್ತೆ ಬರೋ ಗಿಟಾರ್ ತುಣುಕು, ಗಿಟಾರ್ ಹಿಡಿದ ಮೊದಲ ವರ್ಷವೇ ಎಲ್ಲರೂ ಕಲಿಯೋದು. ಎ ಮೈನರ್ ಸ್ವರಗಳಲ್ಲೇ ಸುತ್ತೋ ಸಣ್ಣ ಸಾಲು. ಹಾಡು ಇಡಿಯಾಗಿ ಎರಡೂವರೆ ನಿಮಿಷ, ಗಿಟಾರ್ ಒಂದೇ ಮೆರೆಯೋ ಸೋಲೋ ಕೂಡ ಇಲ್ಲ. ಒಂದು ಸಂಜೇಲಿ ಮುಗಿಸ್ತೀನಿ ಅಂದುಕೊಂಡಿದ್ದೆ.

ಅಲ್ಲಿ ಇಬ್ಬರು ಗಿಟಾರಿಸ್ಟರು, ಟಿಪ್ಟನ್ ಮತ್ತು ಕೆ.ಕೆ. ಡೌನಿಂಗ್. ಇಲ್ಲಿ ನಾನೊಬ್ಬನೇ. ಅದಕ್ಕೇ ರಿಫ್ಫನ್ನು ಎರಡು ಸಲ ನುಡಿಸಿ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕಿದೆ. ಹೆಡ್‌ಫೋನಿನಲ್ಲಿ ಕೇಳಿದರೆ, ಸವೆದ ಹವಾಯಿ ಚಪ್ಪಲಿ ಹಾಕಿಕೊಂಡು ಇಬ್ಬರು ಮೆಟ್ಟಿಲಿಳಿದ ಹಾಗಿತ್ತು. ಪಟ್-ಪಟಟ್. ತಪ್ಪು ಮುಚ್ಚೋಕೆ ಡಿಸ್ಟಾರ್ಷನ್, ಅಂದರೆ ಗಿಟಾರಿನ ಸದ್ದಿನ ಒರಟುತನ, ಏರಿಸಿದೆ. ಆಗ ತಪ್ಪಿನ ಜೊತೆ ರಿಫ್ಫೂ ಮುಚ್ಚಿಹೋಯ್ತು. ಕೊನೆಗೆ ಆ ಒರಟುತನ ಹೆಚ್ಚು ಕಮ್ಮಿ ಮಾಡೋ ಗೇನ್ ಅರ್ಧಕ್ಕಿಳಿಸಿ, ತಾಳ ಹಾಕೋ ಮೆಟ್ರೊನೋಮ್ ನಿಮಿಷಕ್ಕೆ ನೂರಕ್ಕಿಟ್ಟು, ಅಂಗೈ ಅಂಚನ್ನು ತಂತಿ ಕೂರೋ ಬ್ರಿಡ್ಜಿನ ಮೇಲೆ ಎಲ್ಲಿ ಊರಬೇಕು ಅನ್ನೋದರಿಂದ ಶುರುಮಾಡಿದೆ. ಒಂದು ಬೆರಳಗಲ ಮುಂದೆ ಹೋದರೆ ಸ್ವರ ಸತ್ತುಹೋಗುತ್ತೆ, ಹಿಂದೆ ಬಂದರೆ ತಂತಿ ಗುಂಯ್ ಅಂತ ಉಳಿಯುತ್ತೆ. ಮೂಲ ಆಲ್ಬಮ್ಮಿಗೆ ವಾಪಸ್ ಹೋಗಿ ಕೇಳಿದಾಗ ಗೊತ್ತಾಯ್ತು, ಅವರ ಗಿಟಾರು ನಾನು ಇಷ್ಟು ವರ್ಷ ಅಂದುಕೊಂಡಿದ್ದಕ್ಕಿಂತ ಎಷ್ಟೋ ತಿಳಿಯಾಗಿದೆ.

ಮೂರನೇ ವಾರ: ಡ್ರಮ್ಸ್

ಈ ಆಲ್ಬಮ್ಮಿನ ಡ್ರಮ್ಮರ್ ಡೇವ್ ಹಾಲಂಡ್ ನುಡಿಸಿದ ಡ್ರಮ್ಸ್ ಸಪ್ಪೆ ಅಂತ ದೂರೋರು ಬಹಳ. ನಾನೂ ಆ ಗುಂಪಿನವನೇ. ಹಾಗಾಗಿ ಸಾಫ್ಟ್‌ವೇರಿನಲ್ಲಿ ಡ್ರಮ್ಸ್ ಕೂರಿಸುವಾಗ ‘ಮೆಟಲ್ ಗಾಡ್ಸ್’ಗೆ ಅಲ್ಲಲ್ಲಿ ರೋಲು, ಎರಡು ಕಾಲಲ್ಲೂ ಹೊಡೆಯೋ ಡಬಲ್ ಬೇಸು, ಸಿಂಬಲ್ಲು ಸೇರಿಸಿದೆ. ಒಗ್ಗರಣೆ ಜಾಸ್ತಿಯಾಗಿ ಸಾರೇ ಕಾಣದ ಹಾಗಾಯ್ತು. ಒಂದೊಂದೇ ಅಳಿಸುತ್ತಾ ಬಂದೆ. ರಾತ್ರಿ ಹನ್ನೊಂದರ ಹೊತ್ತಿಗೆ ಉಳಿದಿದ್ದು ಡ್ರಮ್ ಸೆಟ್ಟಿನ ಬುನಾದಿಯಾದ ಕಿಕ್, ಸ್ನೇರ್, ಹೈ-ಹ್ಯಾಟ್ ಅಷ್ಟೇ. ಅಂದರೆ ಸುತ್ತಿ ಬಳಸಿ ಹಾಲಂಡ್ ಹತ್ತಿರಕ್ಕೇ ಬಂದಿದ್ದೆ. ಸ್ನೇರ್ ಬಿದ್ದ ಮೇಲೆ ಒಂದು ಕ್ಷಣ ಏನೂ ಇರಲ್ಲ, ಆ ಖಾಲಿ ಜಾಗದಲ್ಲೇ ಗಿಟಾರು ಮುಂದಿನ ಹೆಜ್ಜೆ ಇಡೋದು. ಈ ಆಲ್ಬಮ್ ನನ್ನನ್ನು ಹಿಡಿದಿಟ್ಟಿದ್ದೇ ಆ ಜಾಗ ಅಂತ ಈಗ ಅನ್ನಿಸ್ತಿದೆ.

(ಎಲ್ಲಾ ಹಾಡಿಗೂ ಈ ಮಾತು ಒಪ್ಪಲ್ಲ. ಇದೇ ಆಲ್ಬಮ್ಮಿನ ‘ಯುನೈಟೆಡ್’ ಬಂದರೆ ಈಗಲೂ ಮುಂದಕ್ಕೆ ಓಡಿಸ್ತೀನಿ. ಇನ್ನೊಂದು ವಿಷಯ: ಆಲ್ಬಮ್ಮಿನ ಬ್ರಿಟನ್ ಆವೃತ್ತಿ ‘ರಾಪಿಡ್ ಫೈರ್’ ಹಾಡಿನಿಂದ ಶುರು, ಅಮೆರಿಕದ್ದು ‘ಬ್ರೇಕಿಂಗ್ ದಿ ಲಾ’ದಿಂದ. ನನಗೆ ಮೊದಲು ಸಿಕ್ಕಿದ್ದು ಅಮೆರಿಕದ ಕ್ರಮ. ಬ್ರಿಟನ್ನಿನದೇ ಸರಿ.)

ನಾಲ್ಕು, ಐದು: ಚಮಚ

ಭಾನುವಾರ ಮಧ್ಯಾಹ್ನ ಅಡುಗೆಮನೆಯ ಡ್ರಾಯರಿನ ಪ್ಲಾಸ್ಟಿಕ್ ಟ್ರೇಗೆ ಮನೆಯ ಚಮಚವನ್ನೆಲ್ಲ ಸುರಿದು ಮೈಕಿನ ಮುಂದೆ ಅಲ್ಲಾಡಿಸಿದೆ. ಬಂದಿದ್ದು ಮದುವೆಮನೆ ಹಿತ್ತಲಲ್ಲಿ ಪಾತ್ರೆ ತೊಳೆಯೋ ಸದ್ದು. ಹದಿನೈದು ಟೇಕ್, ಎಲ್ಲಾ ಹಾಗೇ.

ಅಮ್ಮ ಎದ್ದು ಬಂದರು. “ಏನೋ ಅದು, ಒಂದು ಗಳಿಗೆ ಕಣ್ಣು ಮುಚ್ಚೋಕೂ ಬಿಡಲ್ವಲ್ಲ.” ವಿಷಯ ಹೇಳಿದೆ. ನಾಲ್ಕು ರೋಬೋಟು ನಡೀತಿರೋ ಹಾಗೆ ಕೇಳಬೇಕಮ್ಮ ಅಂದೆ. ಅವರು ಟ್ರೇ ನೋಡಿ, “ಇಷ್ಟು ತುಂಬಿದ್ರೆ ಅದು ಅಲ್ಲಾಡೋದಾದ್ರೂ ಎಲ್ಲಿ? ಅಕ್ಕಿ ಕೇರೋವಾಗ ಮೊರ ಭರ್ತಿ ತುಂಬ್ತಾರೇನೋ?” ಅಂತ ಅರ್ಧಕ್ಕರ್ಧ ತೆಗೆದರು. ಪ್ಲಾಸ್ಟಿಕ್ ಟ್ರೇ ಬದಲು ಅಂಚಿರೋ ಸ್ಟೀಲ್ ತಟ್ಟೆ ಕೊಟ್ಟರು. ಅಲ್ಲಾಡಿಸೋದು ಬಿಟ್ಟು, ಮೊರ ಕೇರಿದ ಹಾಗೆ ಒಂದೇ ಸಲ ಮೇಲಕ್ಕೆ ಚಿಮ್ಮಿಸಿ ಹಿಡಿದೆ. ಝಣ್. ಅದೇ! ಅದನ್ನೇ ಮೂರು ಸಲ ರೆಕಾರ್ಡ್ ಮಾಡಿ, ಒಂದರ ಸ್ಥಾಯಿ ಸ್ವಲ್ಪ ಇಳಿಸಿ, ಮೂರನ್ನೂ ಒಂದರ ಮೇಲೊಂದು ಕೂರಿಸಿದೆ. ಈಗ ಹೆಜ್ಜೆಗೆ ತೂಕ ಬಂದಿದೆ. ಒಂದು ಟೇಕಿನ ಕೊನೆಗೆ “ಕುಕ್ಕರ್ ಇಡ್ತೀನಿ, ಮುಗೀತಾ?” ಅಂತ ಅಮ್ಮನ ದನಿ ಇದೆ, ಕತ್ತರಿಸೋಕೆ ಮನಸ್ಸು ಬಂದಿಲ್ಲ.

ಗಾಜಿನದ್ದು ಇಷ್ಟು ಸಲೀಸಾಗಲಿಲ್ಲ. ನಮ್ಮ ಮನೆಗೆ ಬರೋದು ನಂದಿನಿ ಪ್ಯಾಕೆಟ್ಟು, ಬಾಟಲಿ ಎಲ್ಲಿಂದ ತರೋದು? ಹಳೇ ಉಪ್ಪಿನಕಾಯಿ ಬಾಟಲಿಯನ್ನು ಗೋಣಿಚೀಲದಲ್ಲಿ ಸುತ್ತಿ ಒಗೆಯೋ ಕಲ್ಲಿಗೆ ಹೊಡೆದರೆ ಧಬ್ ಅಂದು ಸುಮ್ಮನಾಯ್ತು. ಎರಡನೆಯದನ್ನು ಕನ್ನಡಕ, ಕೈಗವಸು ಹಾಕಿಕೊಂಡು ಕಬ್ಬಿಣದ ಬಕೆಟ್ಟಿನ ತಳಕ್ಕೆ ಬೀಳಿಸಿ, ಮೇಲೆ ಹಲಗೆ ಮುಚ್ಚಿದೆ. ಸದ್ದು ಚೆನ್ನಾಗಿ ಬಂತು. ಮೈಕಿನ ಗುಂಡಿ ಒತ್ತಿರಲಿಲ್ಲ.

ಆರನೇ ವಾರ, ಈಗಿನ ಸ್ಥಿತಿ

‘ಮೆಟಲ್ ಗಾಡ್ಸ್’ ಗಿಟಾರು, ಡ್ರಮ್ಸು, ಚಮಚ ಮುಗಿದಿವೆ. ಹಾಡೋದು ನನ್ನಿಂದಾಗಲ್ಲ, ಬ್ಯಾಂಡಿನ ಗಾಯಕ ರಾಬ್ ಹಾಲ್ಫರ್ಡ್ ಜಾಗ ಖಾಲಿಯೇ ಇರುತ್ತೆ. ‘ಬ್ರೇಕಿಂಗ್ ದಿ ಲಾ’ದ ಪೊಲೀಸ್ ಸೈರನ್ ಬಾಕಿ. ಡೌನಿಂಗ್ ಅದನ್ನು ಮಾಡಿದ್ದು ಗಿಟಾರಿನ ಟ್ರೆಮೊಲೋ ಬಾರ್, ಅಂದರೆ ಸ್ವರವನ್ನು ಏರಿಸಿ ಇಳಿಸೋ ಕೋಲು, ಆಡಿಸಿ. ನನ್ನ ಗಿಟಾರಿಗೆ ಬಾರೇ ಇಲ್ಲ. ಚಿಕ್ಕಪ್ಪನ ಮಗ ತನ್ನದನ್ನು ಮುಂದಿನ ಶನಿವಾರ ತಂದುಕೊಡ್ತೀನಿ ಅಂದಿದ್ದಾನೆ. ಅಷ್ಟರೊಳಗೆ ಇನ್ನೊಂದು ಬಾಟಲಿ ಖಾಲಿಯಾಗಬೇಕು. ಮನೆಯವರೆಲ್ಲ ಊಟಕ್ಕೆ ಮಾವಿನಮಿಡಿ ಜಾಸ್ತಿ ಹಾಕಿಕೊಳ್ತಿದ್ದೀವಿ.