ಕೆಲಸವಿಲ್ಲ, ಮನೆಯಲ್ಲೇ ಇದ್ದಾಳೆ

ಧಾರವಾಡದ ಪರಿಶೀಲನಾ ಸಭೆ. ಊಟಕ್ಕೆ ಇನ್ನು ಅರ್ಧ ಗಂಟೆ ಇತ್ತು. ಬೆಟಗೇರಿಯ ಹೊಲಿಗೆ ತರಬೇತಿ ಬ್ಯಾಚ್‌ನ ಟ್ರೇಸರ್ ವರದಿಯನ್ನು, ಅಂದರೆ ಕಲಿತವರಿಗೆ ಆಮೇಲೆ ಕೆಲಸ ಸಿಕ್ಕಿತೇ ಎಂಬ ಲೆಕ್ಕವನ್ನು, ಪರದೆಯ ಮೇಲೆ ತೋರಿಸುತ್ತಿದ್ದೆ. 30 ಜನರಲ್ಲಿ 21 ಹೆಸರುಗಳ ಮುಂದೆ 'ಇಲ್ಲ'. ಕೆಳಗೆ 'ಈ ತರಬೇತಿ ಮುಂದುವರಿಸಲು ಆಧಾರ ಸಾಲದು' ಎಂಬ ಷರಾ. ಬರೆದವನು ನಾನೇ, ಆ ವಾಕ್ಯದ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹೆಣ್ಣುಮಗಳೊಬ್ಬರು ಎದ್ದು ನಿಂತರು. ಫಲಾನುಭವಿಗಳೂ ಇರಲಿ ಎಂದು ಕರೆಸಿದ್ದರಂತೆ. "ಸರ್, ನನ್ನ ಹೆಸರಿನ ಮುಂದೆ ಏನಿದೆ?" ಹುಡುಕಿದೆ. 'ಇಲ್ಲ'.

ಅವರು ಕೈಚೀಲದಿಂದ ಉದ್ರಿ ಪುಸ್ತಕ ತೆಗೆದು ಅಧಿಕಾರಿಯ ಮೇಜಿನ ಮೇಲಿಟ್ಟರು. ಪಂಚಮಿಗೆ ಮುಂಚಿನ ಎರಡು ವಾರದ ಲೆಕ್ಕ: ಜಂಪರು, ಪಿಕೋ-ಫಾಲ್, ಮಕ್ಕಳ ಲಂಗ, ಯಾರದು ಎಷ್ಟು ಬಾಕಿ. ಅಧಿಕಾರಿ ಪುಟ ತಿರುಗಿಸುತ್ತಲೇ ಹೋದರು. ಯಾರೂ ಮಾತನಾಡಲಿಲ್ಲ. ರಿಮೋಟ್ ಹಿಡಿದ ನನಗೆ ಮುಂದಿನ ಸ್ಲೈಡ್ ಒತ್ತುವ ಧೈರ್ಯವೂ ಬರಲಿಲ್ಲ.

"ಫೋನ್ ಮಾಡಿದಾಗ ಕೆಲಸವಿಲ್ಲ ಎಂದಿರಲ್ಲ?" ಎಂದು ಕೇಳಿಬಿಟ್ಟೆ. ಆಗಲಾದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ಫೋನ್ ಎತ್ತಿದ್ದು ನಮ್ಮ ಮನೆಯವರು. ನೌಕರಿಗೆ ಹೋಗುತ್ತಾಳೆಯೇ ಎಂದು ನೀವು ಕೇಳಿದಿರಿ. ಇಲ್ಲ, ಮನೆಯಲ್ಲೇ ಇದ್ದಾಳೆ ಎಂದರು. ಅದರಲ್ಲಿ ಸುಳ್ಳೇನಿದೆ?"

ವಾರದಲ್ಲಿ ಒಂದು ದಿನ, ಒಂದೇ ಗಂಟೆ ದುಡಿದವರನ್ನೂ ಕೇಂದ್ರ ಸರ್ಕಾರದ ಉದ್ಯೋಗ ಸಮೀಕ್ಷೆಯಾದ ಪಿಎಲ್‌ಎಫ್‌ಎಸ್ ಆ ವಾರದ ಲೆಕ್ಕದಲ್ಲಿ ಉದ್ಯೋಗಿ ಎಂದೇ ಎಣಿಸುತ್ತದೆ. ಹೊಸದಾಗಿ ಸೇರಿದ ಹುಡುಗರಿಗೆ ಈ ಪಾಠ ಹೇಳುವವನೂ ನಾನೇ. ಇನ್ನೂ ನಾಚಿಕೆಗೇಡು ಆ ವರದಿಯ ಮುಂದಿನ ಪುಟದಲ್ಲಿತ್ತು. ತಾರಿಹಾಳದ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ಆಗಿದ್ದ ಐಟಿಐ ಹುಡುಗರಿಗೆಲ್ಲ 'ಹೌದು' ಹಾಕಿದ್ದೆ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಕಲಮಿನ ಪ್ರಕಾರ ಅವರು ತರಬೇತಿಯಲ್ಲಿರುವವರು, ಕಾರ್ಮಿಕರಲ್ಲ. ಆದರೆ ಸ್ಟೈಪೆಂಡ್ ಬ್ಯಾಂಕಿಗೆ ಬರುತ್ತದೆ, ಕೈಗೆ ಕಾಗದ ಸಿಗುತ್ತದೆ, ಎಣಿಸುವವನಿಗೆ ಹಗುರ. ಅವಧಿ ಮುಗಿದ ಮೇಲೆ ಎಷ್ಟು ಜನರನ್ನು ಉಳಿಸಿಕೊಂಡರು ಎಂಬ ಕಾಲಮ್ಮೇ ನಮ್ಮ ನಮೂನೆಯಲ್ಲಿಲ್ಲ.

ಮರುವಾರ ಬೆಟಗೇರಿಗೆ ಹೋಗಿ ಎರಡು ದಿನ ಮನೆಮನೆ ತಿರುಗಿದೆ. 'ಕೆಲಸ' ಎಂಬ ಮಾತನ್ನೇ ಎತ್ತಲಿಲ್ಲ. "ಕಳೆದ ವಾರ ಯಾರ ಬಟ್ಟೆ ಹೊಲಿದಿರಿ? ಎಷ್ಟು ಕೈಗೆ ಬಂತು, ಎಷ್ಟು ಉದ್ರಿ?" ಎಂದಷ್ಟೇ ಕೇಳಿದೆ. ಆ 21 ಜನರಲ್ಲಿ 14 ಮಂದಿ ದುಡಿಯುತ್ತಿದ್ದರು. ಉಳಿದವರಲ್ಲಿ ಮೂವರ ಬಳಿ ಪ್ರಮಾಣಪತ್ರವಿತ್ತು, ಹೊಲಿಗೆ ಯಂತ್ರವಿರಲಿಲ್ಲ. ಅದನ್ನೂ ನಮ್ಮ ನಮೂನೆ ಕೇಳುವುದಿಲ್ಲ.

ಇದರ ಮೇಲೆ ವರದಿ ತುಂಬುವ ಸಾಫ್ಟ್‌ವೇರಿನ ಕಾಟ ಬೇರೆ. ಸಂಬಳದ ಚೀಟಿ ಏರಿಸದೆ 'ಹೌದು' ಒತ್ತಲು ಬಿಡುವುದಿಲ್ಲ. ಮೇಲಿನವರಿಗೆ ಮೂರು ಸಲ ಬರೆದೆ, ಉತ್ತರವಿಲ್ಲ. ಈಗ ಚೀಟಿಯ ಜಾಗದಲ್ಲಿ ಉದ್ರಿ ಪುಸ್ತಕದ ಪುಟದ ಫೋಟೊ ಏರಿಸುತ್ತಿದ್ದೇನೆ. ಇದುವರೆಗೆ ಯಾರೂ ತಕರಾರು ತೆಗೆದಿಲ್ಲ. ತೆರೆದು ನೋಡಿದಂತೆಯೂ ಇಲ್ಲ.